ಸ್ಕಾಟ್ಲೆಂಡ್ ಬ್ರಿಟನ್ನಿಂದ ಬೇರೆಯಾಗಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರಾಕ್ಕೆ ಬಂದು ಹದಿನೈದು ವರ್ಷದ ಮೇಲಾಯಿತು. ಊರು ತೀರ್ಥಹಳ್ಳಿ ಕಡೆ. ರಜೆಗೆ ಊರಿಗೆ ಹೋದಾಗ, ಇಲ್ಲಿಗೆ ಓದಲು ಬರುವ ಕನ್ನಡದ ಹುಡುಗ ಹುಡುಗಿಯರು ಸಿಕ್ಕಾಗ, ಮಾತು ತಿರುಗಿ ತಿರುಗಿ ಇದೇ ವಿಷಯಕ್ಕೆ ಬರುತ್ತದೆ. ಭಾವ ಕೇಳಿದ್ದು, ಕಾಲೇಜಿನ ಗೆಳೆಯರು ಬರೆದು ಕೇಳಿದ್ದು, ಯಾರೋ ಓದುಗರು ತಕರಾರು ತೆಗೆದದ್ದು, ಎಲ್ಲ ಸೇರಿಸಿ ಇಲ್ಲಿ ಇಟ್ಟಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಸುಲಭದ್ದು ಮೊದಲು, ತೊಡಕಿನದ್ದು ಆಮೇಲೆ.

## ಮೊದಲು ಬೇರಿನ ವಿಷಯ

ಸ್ಕಾಟ್ಲೆಂಡ್ ದೇಶವಾ, ರಾಜ್ಯವಾ? ಇಂಗ್ಲೆಂಡ್, ಬ್ರಿಟನ್, ಯುಕೆ ಎಲ್ಲ ಒಂದೇ ಅಲ್ವಾ?

ಒಂದೇ ಅಲ್ಲ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಸೇರಿದರೆ ಗ್ರೇಟ್ ಬ್ರಿಟನ್. ಅದಕ್ಕೆ ಉತ್ತರ ಐರ್ಲೆಂಡ್ ಸೇರಿಸಿದರೆ ಯುನೈಟೆಡ್ ಕಿಂಗ್‌ಡಮ್, ಅಂದರೆ ಯುಕೆ. ವಿಶ್ವಸಂಸ್ಥೆಯಲ್ಲಿ ಕೂರುವುದು, ಪಾಸ್‌ಪೋರ್ಟ್ ಕೊಡುವುದು, ಸೈನ್ಯ ಇಟ್ಟುಕೊಂಡಿರುವುದು ಯುಕೆ. ಆದರೆ ಸ್ಕಾಟ್ಲೆಂಡಿಗೆ ತನ್ನದೇ ಫುಟ್‌ಬಾಲ್ ತಂಡ ಇದೆ, ತನ್ನದೇ ಕೋರ್ಟು ಕಾನೂನು, ಶಾಲಾ ಪದ್ಧತಿ, ಚರ್ಚು ಇದೆ. ಇಂಗ್ಲೆಂಡಿನಲ್ಲಿ ಕ್ರಿಮಿನಲ್ ಕೇಸಿನ ಜ್ಯೂರಿಯಲ್ಲಿ 12 ಜನ ಕೂತರೆ ಇಲ್ಲಿ 15 ಜನ ಕೂರುತ್ತಾರೆ. ಇಲ್ಲಿನವರು ಇದನ್ನು ದೇಶ ಅಂತಲೇ ಕರೆಯುತ್ತಾರೆ, ಬೇರೆಯಾಗುವುದು ಬೇಡ ಅನ್ನುವವರೂ ಸಹ.

2022ರ ಜನಗಣತಿಯಲ್ಲಿ ಇಲ್ಲಿನ ಜನಸಂಖ್ಯೆ ಸುಮಾರು 54 ಲಕ್ಷ. ಬೆಂಗಳೂರು ನಗರ ಜಿಲ್ಲೆಯಲ್ಲಿ 2011ರಲ್ಲೇ 96 ಲಕ್ಷ ಜನ ಇದ್ದರು. ಯುಕೆಯ ನೂರು ಜನರನ್ನು ನಿಲ್ಲಿಸಿದರೆ ಅವರಲ್ಲಿ ಸ್ಕಾಟ್ಲೆಂಡಿನವರು ಎಂಟೇ ಜನ. ಅರ್ಧ ಜಗಳ ಹುಟ್ಟಿರುವುದು ಈ ಎಂಟರಿಂದಲೇ.

ನಮ್ಮ ಹಾಗೆ ಅವರೂ ಬ್ರಿಟಿಷರ ಕೈಕೆಳಗೆ ಇದ್ದವರು. ಹಾಗಾದ್ರೆ ಇದೂ ಸ್ವಾತಂತ್ರ್ಯ ಹೋರಾಟನೇ ತಾನೆ?

ಊರಲ್ಲಿ ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ ಇದು. ನನ್ನ ಉತ್ತರ, ಹೋಲಿಕೆ ಸರಿಯಿಲ್ಲ.

ನಮ್ಮನ್ನು ಆಳಿದವರಲ್ಲಿ ಸ್ಕಾಟ್ಲೆಂಡಿನವರ ಪಾಲು ದೊಡ್ಡದು. ಶ್ರೀರಂಗಪಟ್ಟಣಕ್ಕೆ ಹೋದವರು ಕರ್ನಲ್ ಬೇಲಿ ಬಂದೀಖಾನೆ ನೋಡಿರುತ್ತೀರಿ. ಕೈದಿಗಳನ್ನು ಕಟ್ಟಿಹಾಕುತ್ತಿದ್ದ ಕಲ್ಲುಗಳು ಗೋಡೆಯಿಂದ ಇನ್ನೂ ಹೊರಕ್ಕೆ ಚಾಚಿಕೊಂಡಿವೆ. ಆ ಬೇಲಿ ಸ್ಕಾಟ್ಲೆಂಡಿನ ಇನ್ವರ್‌ನೆಸ್ ಕಡೆಯವನು. 1780ರಲ್ಲಿ ಹೈದರಾಲಿಯ ಕೈಗೆ ಸಿಕ್ಕಿ ಅದೇ ಪಟ್ಟಣದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದ ಡೇವಿಡ್ ಬೇರ್ಡ್ ಕೂಡ ಸ್ಕಾಟಿಷ್. 1799ರ ಮೇ 4ರಂದು ಟಿಪ್ಪುವಿನ ಕೋಟೆಗೆ ನುಗ್ಗಿದ ಪಡೆಯನ್ನು ನಡೆಸಿದವನು ಅವನೇ. ಟಿಪ್ಪು ಬಿದ್ದ ಮೇಲೆ ಕೆನರಾಕ್ಕೆ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಹುಟ್ಟಿದ್ದು ಗ್ಲಾಸ್ಗೋದಲ್ಲಿ. ಮೈಸೂರು ಸೀಮೆಯನ್ನು ಅಳೆಸಿ ನಕ್ಷೆ ಮಾಡಿಸಿ, ಶಾಸನ, ಕೈಫಿಯತ್ತುಗಳನ್ನು ಕಲೆಹಾಕಿಸಿದ ಕಾಲಿನ್ ಮೆಕೆಂಜಿ ವಾಯವ್ಯ ಕಡಲಿನ ಲೂಯಿಸ್ ದ್ವೀಪದವನು.

ಅಂದರೆ ಸ್ಕಾಟ್ಲೆಂಡ್ ಸಾಮ್ರಾಜ್ಯದ ಪಾಲುದಾರನಾಗಿತ್ತು. ಇಲ್ಲಿಯೂ ಕೆಲವರು ಭಾಷಣದ ಬಿಸಿಯಲ್ಲಿ ‘ನಾವೂ ವಸಾಹತು’ ಅನ್ನುತ್ತಾರೆ. ಆ ಮಾತು ಕೇಳಿದಾಗ ನನಗೆ ಬೇಜಾರಾಗುತ್ತದೆ. ಪಾಲುದಾರಿಕೆ ಬಿಟ್ಟು ಹೊರಗೆ ಬರುವ ಹಕ್ಕು ಪಾಲುದಾರನಿಗೂ ಇರಬಹುದು, ಅದಕ್ಕೆ ನನ್ನ ತಕರಾರಿಲ್ಲ. ಅದನ್ನು ಕೇಳಲು ನಮ್ಮ ಅಜ್ಜಂದಿರ ನೋವನ್ನು ಎರವಲು ಪಡೆಯುವುದು ಬೇಡ.

1707ರಲ್ಲಿ ಸೇರಿಕೊಂಡರು ಅಂತಾರಲ್ಲ, ಯುದ್ಧದಲ್ಲಿ ಸೋತು ಸೇರಿದ್ದಾ?

ಅಲ್ಲ. ಸ್ಕಾಟ್ಲೆಂಡಿನವರು ಇಂಗ್ಲೆಂಡಿನ ವಿರುದ್ಧ ಯುದ್ಧ ಮಾಡಿ ಗೆದ್ದದ್ದು ಅದಕ್ಕೂ ನಾಲ್ಕು ನೂರು ವರ್ಷ ಹಿಂದೆ, 1314ರಲ್ಲಿ ಬ್ಯಾನಕ್‌ಬರ್ನ್‌ನಲ್ಲಿ. 1603ರಲ್ಲಿ ಇಂಗ್ಲೆಂಡಿನ ರಾಣಿಗೆ ಮಕ್ಕಳಿಲ್ಲದೆ ಸ್ಕಾಟ್ಲೆಂಡಿನ ರಾಜ ಆರನೇ ಜೇಮ್ಸನೇ ಅಲ್ಲಿಗೂ ರಾಜನಾದ. ಆಮೇಲೆ ನೂರು ವರ್ಷ ರಾಜ ಒಬ್ಬನೇ, ಪಾರ್ಲಿಮೆಂಟು ಎರಡು.

1690ರ ದಶಕದಲ್ಲಿ ಸ್ಕಾಟ್ಲೆಂಡಿನವರು ಪನಾಮಾದ ದಾರಿಯನ್ ಅನ್ನುವ ಜಾಗದಲ್ಲಿ ತಮ್ಮದೇ ವಸಾಹತು ಕಟ್ಟಲು ಹೊರಟರು. ಜಮೀನ್ದಾರರಿಂದ ಹಿಡಿದು ಸಣ್ಣ ವ್ಯಾಪಾರಿಗಳವರೆಗೆ ಎಲ್ಲರೂ ದುಡ್ಡು ಹಾಕಿದರು. ಜ್ವರ, ಹಸಿವು, ಸ್ಪೇನಿನವರ ದಾಳಿ, ಜೊತೆಗೆ ಇಂಗ್ಲೆಂಡಿನ ಅಸಹಕಾರ, ಎಲ್ಲ ಸೇರಿ 1700ರ ಹೊತ್ತಿಗೆ ಎಲ್ಲವೂ ಮುಳುಗಿತು. ಹೋದವರಲ್ಲಿ ಹೆಚ್ಚಿನವರು ವಾಪಸ್ ಬರಲಿಲ್ಲ. 1705ರಲ್ಲಿ ಇಂಗ್ಲೆಂಡ್ ಒಂದು ಕಾನೂನು ತಂದು, ಮಾತುಕತೆಗೆ ಬರದಿದ್ದರೆ ನಿಮ್ಮವರನ್ನು ಪರದೇಶಿಗಳಂತೆ ನೋಡುತ್ತೇವೆ, ನಿಮ್ಮ ದನ, ಲಿನನ್ ಬಟ್ಟೆ, ಕಲ್ಲಿದ್ದಲು ಕೊಳ್ಳುವುದಿಲ್ಲ ಅಂತ ಹೆದರಿಸಿತು. ಒಪ್ಪಂದದಲ್ಲಿ 3,98,085 ಪೌಂಡ್ ಪರಿಹಾರದ ಮಾತಿತ್ತು, ಅದರಲ್ಲಿ ದೊಡ್ಡ ಭಾಗ ದಾರಿಯನ್‌ನಲ್ಲಿ ಕೈಸುಟ್ಟುಕೊಂಡವರಿಗೆ. ಎಡಿನ್‌ಬರಾ, ಗ್ಲಾಸ್ಗೋದಲ್ಲಿ ಜನ ಬೀದಿಗಿಳಿದು ಗಲಾಟೆ ಮಾಡಿದರು. ಆಗ ಪಾರ್ಲಿಮೆಂಟಿನಲ್ಲಿ ಕೂತವರನ್ನು ಜನ ಆರಿಸಿ ಕಳಿಸಿರಲಿಲ್ಲ, ಹಾಗಾಗಿ ಬೀದಿಯ ಮಾತು ಒಳಗೆ ತಲುಪಲಿಲ್ಲ. 1707ರ ಮೇ 1ರಿಂದ ಎರಡೂ ಒಂದಾದವು.

ಒತ್ತಾಯ, ಆಮಿಷ, ಲಾಭದ ಆಸೆ ಮೂರೂ ಇದ್ದ ಒಪ್ಪಂದ ಅದು. ಮುಂದಿನ ನೂರೈವತ್ತು ವರ್ಷ ಆ ಲಾಭ ಸ್ಕಾಟ್ಲೆಂಡಿಗೆ ಸಿಕ್ಕಿದ್ದೂ ನಿಜ.

ಭಾಷೆ ಬೇರೆ ಅಂತ ಬೇರೆ ದೇಶ ಕೇಳ್ತಿದ್ದಾರಾ?

ಕನ್ನಡಿಗರಿಗೆ ಈ ಪ್ರಶ್ನೆ ಸಹಜ. ನಮ್ಮ ಏಕೀಕರಣ ನಡೆದದ್ದೇ ಭಾಷೆಯ ಮೇಲೆ. ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದವರು 1956ರ ನವೆಂಬರ್ 1ರಂದು ಒಂದಾದದ್ದು ಕನ್ನಡದ ಹೆಸರಲ್ಲಿ. ಇಲ್ಲಿ ಹಾಗಿಲ್ಲ. ಗೇಲಿಕ್ ಅನ್ನುವ ಹಳೆಯ ಭಾಷೆ ಆಡುವವರು ಬಹಳ ಕಡಿಮೆ, ಅದು ಗಟ್ಟಿಯಾಗಿ ಉಳಿದಿರುವುದು ಪಶ್ಚಿಮದ ದ್ವೀಪಗಳಲ್ಲಿ. 2011ರ ಗಣತಿಯಲ್ಲಿ ಸುಮಾರು 57 ಸಾವಿರ ಇದ್ದರು. ಸ್ಕಾಟ್ಸ್ ಅನ್ನುವ ಇನ್ನೊಂದು ಮಾತು ಇದೆ, ಇಂಗ್ಲಿಷಿಗೆ ದಾಯಾದಿ, ಅದನ್ನು ಆಡುವವರು ಹೆಚ್ಚು. ಆದರೆ ಸ್ವಾತಂತ್ರ್ಯದ ಸಭೆಗಳಲ್ಲಿ ಕೇಳಿಬರುವುದು ಭಾಷೆಯಲ್ಲ. ನಮ್ಮ ಮೇಲೆ ಯಾರು ಆಳಬೇಕು ಅನ್ನುವುದನ್ನು ನಾವೇ ಆರಿಸಬೇಕು, ಅಷ್ಟೇ ವಾದ. ಇಂಗ್ಲೆಂಡಿನಲ್ಲಿ ಹುಟ್ಟಿ ಇಲ್ಲಿ ನೆಲೆಸಿದವರು, ಪಾಕಿಸ್ತಾನದ ಮೂಲದವರು, ನಮ್ಮವರು ಎಲ್ಲ ಆ ಸಭೆಗಳಲ್ಲಿ ಕಾಣುತ್ತಾರೆ. ಸ್ಕಾಟ್ಲೆಂಡಿನ ಮುಖ್ಯಮಂತ್ರಿಯಾಗಿ ಬೇರೆಯಾಗುವ ವಾದ ಮುಂದಿಟ್ಟ ಹಂಜಾ ಯೂಸುಫ್ ಅವರ ತಂದೆಯೇ ಪಾಕಿಸ್ತಾನದಿಂದ ಬಂದವರು.

ಮುನ್ನೂರು ವರ್ಷ ಸುಮ್ನಿದ್ದು ಈಗ ಯಾಕೆ ಎದ್ದರು?

1955ರ ಚುನಾವಣೆಯಲ್ಲಿ ಸ್ಕಾಟ್ಲೆಂಡಿನ ಅರ್ಧ ವೋಟು ಬಿದ್ದದ್ದು ಯುಕೆಯ ಒಕ್ಕೂಟ ಉಳಿಯಲಿ ಅನ್ನುವ ಕನ್ಸರ್ವೇಟಿವ್ ಕಡೆಗೆ. ಎಸ್‌ಎನ್‌ಪಿ, ಅಂದರೆ ಬೇರೆಯಾಗಬೇಕು ಅನ್ನುವ ಸ್ಕಾಟಿಷ್ ನ್ಯಾಷನಲ್ ಪಾರ್ಟಿ, 1934ರಲ್ಲೇ ಹುಟ್ಟಿದ್ದರೂ ಆಗ ಅದನ್ನು ಕೇಳುವವರಿರಲಿಲ್ಲ. ಸಾಮ್ರಾಜ್ಯ ಹೋಯಿತು, ಅದರ ಜೊತೆ ಹಡಗುಕಟ್ಟೆಗಳು, ಗಣಿಗಳು, ಉಕ್ಕಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. 1970ರ ದಶಕದಲ್ಲಿ ಉತ್ತರ ಸಮುದ್ರದಲ್ಲಿ ಎಣ್ಣೆ ಸಿಕ್ಕಿತು. 1979ರಿಂದ 1997ರವರೆಗೆ ಲಂಡನ್ನಿನಲ್ಲಿ ಸತತ ಕನ್ಸರ್ವೇಟಿವ್ ಸರ್ಕಾರ, ಆದರೆ ಸ್ಕಾಟ್ಲೆಂಡ್ ಪ್ರತಿ ಸಲವೂ ಲೇಬರ್‌ಗೆ ಹೆಚ್ಚು ಸೀಟು ಕೊಟ್ಟಿತು. ನೂರರಲ್ಲಿ ಎಂಟು ಜನ ಹೇಗೆ ವೋಟು ಹಾಕಿದರೂ ಆ ಫಲಿತಾಂಶ ಬದಲಾಗುವುದು ಕಷ್ಟವಿತ್ತು.

ಮಾರ್ಗರೆಟ್ ಥ್ಯಾಚರ್ ತಂದ ತಲೆಗಂದಾಯ ಇಲ್ಲಿ 1989ರಲ್ಲಿ ಜಾರಿಯಾಯಿತು, ಇಂಗ್ಲೆಂಡಿಗಿಂತ ಒಂದು ವರ್ಷ ಮೊದಲು. ಬಂಗಲೆಯಲ್ಲಿರುವವನಿಗೂ ಬಾಡಿಗೆ ಕೋಣೆಯಲ್ಲಿರುವವನಿಗೂ ಒಂದೇ ಮೊತ್ತ. ನಮ್ಮ ಕೆಳಗಿನ ಮನೆಯಲ್ಲಿದ್ದ ಅಜ್ಜಿ ಒಬ್ಬರು ಆ ಬಿಲ್ಲನ್ನು ಕಟ್ಟದೆ, ಹರಿಯದೆ, ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದರು. ಒಂದು ದಿನ ಟೀ ಕುಡಿಯುವಾಗ ತೆಗೆದು ತೋರಿಸಿದರು. ‘ನನಗೆ ಇಂಗ್ಲೆಂಡಿನ ಮೇಲೆ ಸಿಟ್ಟಿಲ್ಲ, ನನ್ನನ್ನು ಕೇಳಲಿಲ್ಲ ಅಂತ ಸಿಟ್ಟು’ ಅಂದರು. ಇಡೀ ಚಳವಳಿಯನ್ನು ನಾನು ಅರ್ಥಮಾಡಿಕೊಂಡದ್ದು ಅವರ ಅಡಿಗೆಮನೆಯಲ್ಲಿ.

ಅವರಿಗೆ ಆಗಲೇ ಪಾರ್ಲಿಮೆಂಟ್ ಇದೆಯಲ್ಲ, ಇನ್ನೇನು ಬೇಕು?

ಇದೆ. 1997ರ ಜನಮತಗಣನೆಯಲ್ಲಿ ಶೇ 74ರಷ್ಟು ಜನ ಬೇಕು ಅಂದ ಮೇಲೆ 1999ರಲ್ಲಿ ಎಡಿನ್‌ಬರಾದಲ್ಲಿ 129 ಸದಸ್ಯರ ಪಾರ್ಲಿಮೆಂಟ್ ಶುರುವಾಯಿತು. ನಮ್ಮಲ್ಲಿ ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ, ಸಮವರ್ತಿ ಪಟ್ಟಿ ಅಂತ ಇವೆ, ಮೂರರಲ್ಲೂ ಇಲ್ಲದ್ದು ಕೇಂದ್ರಕ್ಕೆ ಸೇರುತ್ತದೆ. ಇಲ್ಲಿ ಲಂಡನ್ನಿನ ಪಟ್ಟಿ ಮಾತ್ರ ಇದೆ, ಅದರಲ್ಲಿ ಇಲ್ಲದ್ದೆಲ್ಲ ಎಡಿನ್‌ಬರಾಕ್ಕೆ. ಆಸ್ಪತ್ರೆ, ಶಾಲೆ, ಪೊಲೀಸ್, ಕೋರ್ಟು, ಆದಾಯ ತೆರಿಗೆಯ ದರ ಇವೆಲ್ಲ ಇಲ್ಲಿಯೇ ತೀರ್ಮಾನವಾಗುತ್ತವೆ. ಸ್ಕಾಟ್ಲೆಂಡಿನ ಮಕ್ಕಳಿಗೆ ಇಲ್ಲಿನ ಯೂನಿವರ್ಸಿಟಿಯಲ್ಲಿ ಬೋಧನಾ ಶುಲ್ಕ ಇಲ್ಲ, ಡಾಕ್ಟರ್ ಬರೆದುಕೊಟ್ಟ ಔಷಧಿಗೆ ದುಡ್ಡಿಲ್ಲ. (ಭಾರತದಿಂದ ಬರುವ ವಿದ್ಯಾರ್ಥಿಗಳಿಗೆ ಶುಲ್ಕ ಇದೆ, ಅದೂ ದುಬಾರಿ. ಈ ತಪ್ಪು ತಿಳಿವಳಿಕೆಯಲ್ಲಿ ಅರ್ಜಿ ಹಾಕಿದವರನ್ನು ನೋಡಿದ್ದೇನೆ.)

ಸೈನ್ಯ, ವಿದೇಶಾಂಗ, ವಲಸೆ, ನಾಣ್ಯ, ಪಿಂಚಣಿಯ ಬಹುಪಾಲು ಲಂಡನ್ನಿನ ಕೈಯಲ್ಲಿವೆ. ಇನ್ನೊಂದು ದೊಡ್ಡ ವಿಷಯವೂ ಆ ಪಟ್ಟಿಯಲ್ಲಿದೆ, ಅದು ಒಕ್ಕೂಟ ಉಳಿಯಬೇಕಾ ಬೇಡವಾ ಅನ್ನುವುದು.

## 2014 ಮತ್ತು ಆಮೇಲೆ

2014ರಲ್ಲಿ ನಿಜವಾಗಿ ಏನಾಯ್ತು?

2011ರಲ್ಲಿ ಎಸ್‌ಎನ್‌ಪಿಗೆ ಎಡಿನ್‌ಬರಾದಲ್ಲಿ 69 ಸೀಟು ಬಂದು ಬಹುಮತ ಸಿಕ್ಕಿತು. ಆ ಪಾರ್ಲಿಮೆಂಟಿನ ಚುನಾವಣಾ ಪದ್ಧತಿಯಲ್ಲಿ ಒಂದೇ ಪಕ್ಷಕ್ಕೆ ಬಹುಮತ ಬರುವುದು ಕಷ್ಟ, ಆದರೂ ಬಂತು. 2012ರ ಅಕ್ಟೋಬರ್ 15ರಂದು ಪ್ರಧಾನಿ ಡೇವಿಡ್ ಕ್ಯಾಮರೂನ್ ಎಡಿನ್‌ಬರಾಕ್ಕೆ ಬಂದು ಸ್ಕಾಟ್ಲೆಂಡಿನ ಆಗಿನ ಮುಖ್ಯಮಂತ್ರಿ, ಎಸ್‌ಎನ್‌ಪಿಯ ಅಲೆಕ್ಸ್ ಸಾಮಂಡ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿದರು, ಮತ ನಡೆಸುವ ಅಧಿಕಾರವನ್ನು ಒಂದು ಸಲಕ್ಕೆ ಅಂತ ಎಡಿನ್‌ಬರಾಕ್ಕೆ ಕೊಟ್ಟರು.

ಪ್ರಶ್ನೆಯ ಮಾತುಗಳ ಮೇಲೂ ಚರ್ಚೆ ನಡೆಯಿತು. ‘ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕು ಅಂತ ಒಪ್ಪುತ್ತೀರಾ’ ಅಂತ ಕೇಳಬೇಕು ಅಂತಿದ್ದರು. ಒಪ್ಪುತ್ತೀರಾ ಅಂದರೆ ಹೌದು ಅನ್ನುವ ಕಡೆಗೆ ತಳ್ಳಿದ ಹಾಗೆ ಆಗುತ್ತದೆ ಅಂತ ಚುನಾವಣಾ ಆಯೋಗ ಹೇಳಿತು, ಆ ಪದ ಹೋಯಿತು. ‘ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೇ?’ ಅಂತ ಉಳಿಯಿತು.

2014ರ ಸೆಪ್ಟೆಂಬರ್ 18ರಂದು ಶೇ 84.6ರಷ್ಟು ಜನ ವೋಟು ಹಾಕಿದರು. ಬೇಡ ಅಂದವರು 20 ಲಕ್ಷಕ್ಕೆ ಸ್ವಲ್ಪ ಜಾಸ್ತಿ, ಶೇ 55.3. ಬೇಕು ಅಂದವರು 16.2 ಲಕ್ಷದಷ್ಟು, ಶೇ 44.7. ಒಟ್ಟು 32 ಆಡಳಿತ ಪ್ರದೇಶಗಳಲ್ಲಿ ನಾಲ್ಕು ಮಾತ್ರ ಹೌದು ಅಂದವು. ಆ ನಾಲ್ಕರಲ್ಲಿ ಗ್ಲಾಸ್ಗೋ ಮತ್ತು ಡಂಡಿ ಇದ್ದವು. ಒಂದು ಗುಂಡು ಹಾರದೆ, ದೇಶ ಇರಬೇಕಾ ಒಡೆಯಬೇಕಾ ಅಂತ ಕೇಳಿ ಎಣಿಸಿ ಮುಗಿಸಿದರು. ಇದನ್ನು ಹೇಳುವಾಗ ನನಗೆ ಈಗಲೂ ಮೈ ಜುಂ ಅನ್ನುತ್ತದೆ.

ಭಾರತದ ಪಾಸ್‌ಪೋರ್ಟ್ ಇಟ್ಕೊಂಡು ನೀನು ಹೇಗೆ ವೋಟ್ ಹಾಕ್ದೆ ಮಾರಾಯ?

ಕಾಮನ್‌ವೆಲ್ತ್ ದೇಶಗಳ ಪ್ರಜೆಗಳು ವೀಸಾ ಇದ್ದು ಇಲ್ಲಿ ವಾಸವಾಗಿದ್ದರೆ ವೋಟು ಹಾಕಬಹುದು. ಯುಕೆಯ ಸಾಮಾನ್ಯ ಚುನಾವಣೆಯಲ್ಲೂ ಹೀಗೆಯೇ, ಬಹಳ ಜನ ಭಾರತೀಯರಿಗೆ ಇದು ಗೊತ್ತೇ ಇಲ್ಲ. 2014ರಲ್ಲಿ ನಿಯಮ ಸರಳವಾಗಿತ್ತು. ಎಲ್ಲಿ ಹುಟ್ಟಿದ್ದೀರಿ ಅನ್ನುವುದಲ್ಲ, ಎಲ್ಲಿ ಬದುಕುತ್ತಿದ್ದೀರಿ ಅನ್ನುವುದೇ ಲೆಕ್ಕ. ಹಾಗಾಗಿ ತೀರ್ಥಹಳ್ಳಿಯ ನನಗೆ ವೋಟು ಇತ್ತು, ಅಬರ್ಡೀನಿನಲ್ಲಿ ಹುಟ್ಟಿ ಲಂಡನ್ನಿನಲ್ಲಿ ಕೆಲಸ ಮಾಡುತ್ತಿದ್ದ ನನ್ನ ಸಹೋದ್ಯೋಗಿಯ ಅಣ್ಣನಿಗೆ ಇರಲಿಲ್ಲ. ಆತ ಬಹಳ ನೊಂದುಕೊಂಡಿದ್ದ.

ನಮ್ಮ ಬೀದಿಯ ಕೊನೆಯ ಪ್ರಾಥಮಿಕ ಶಾಲೆಯೇ ಮತಗಟ್ಟೆ. ಮಕ್ಕಳ ಪುಟ್ಟ ಕುರ್ಚಿಗಳನ್ನು ಗೋಡೆಗೆ ಸರಿಸಿ ಒಂದರ ಮೇಲೊಂದು ಜೋಡಿಸಿದ್ದರು. ಹೆಸರು, ವಿಳಾಸ ಹೇಳಿದೆ. ಮೇಜಿನ ಹಿಂದಿದ್ದ ಹೆಂಗಸು ಪಟ್ಟಿಯ ಮೇಲೆ ಸ್ಕೇಲ್ ಇಟ್ಟು ನನ್ನ ಹೆಸರಿನ ಮೇಲೆ ಗೆರೆ ಎಳೆದರು. ಗುರುತಿನ ಚೀಟಿ ಕೇಳಲಿಲ್ಲ, ಬೆರಳಿಗೆ ಶಾಯಿ ಹಚ್ಚಲಿಲ್ಲ, ಯಂತ್ರವೂ ಇಲ್ಲ. ಕಾಗದದ ಮೇಲೆ ಒಂದು ಪ್ರಶ್ನೆ, ಎರಡು ಚೌಕ, ದಾರ ಕಟ್ಟಿದ ಮೋಟು ಪೆನ್ಸಿಲ್. ನನ್ನ ಹಿಂದೆ ಶಾಲೆಯ ಯೂನಿಫಾರ್ಮಿನಲ್ಲೇ ಒಬ್ಬ ಹುಡುಗ ನಿಂತಿದ್ದ. ಆ ಸಲ 16 ತುಂಬಿದವರಿಗೂ ಅವಕಾಶ ಇತ್ತು. ಅವನ ಕೈ ನಡುಗುತ್ತಿತ್ತು.

ಯಾವುದಕ್ಕೆ ಹಾಕಿದ್ದು? ಹೇಳಲೇಬೇಕು.

ಇಲ್ಲ ಅನ್ನುವ ಚೌಕಕ್ಕೆ. ನಾಣ್ಯದ ಪ್ರಶ್ನೆಗೆ ಸರಿಯಾದ ಉತ್ತರ ಯಾರೂ ಕೊಡಲಿಲ್ಲ ಅಂತ ನನಗೆ ಅನ್ನಿಸಿತ್ತು, ಮನೆ ಸಾಲ ಆಗಷ್ಟೇ ತೆಗೆದಿದ್ದೆ. ಈಗ ಕೇಳಿದರೆ? ಲೆಕ್ಕ ಈಗಲೂ ಪೂರ್ತಿ ಸರಿಹೋಗುವುದಿಲ್ಲ, ಆದರೆ ಆಗಿನಷ್ಟು ಖಚಿತವಾಗಿ ಇಲ್ಲ ಅನ್ನಲಾರೆ. ಒಂದು ವಿಷಯದಲ್ಲಿ ಮಾತ್ರ ನನಗೆ ಸಂಶಯವಿಲ್ಲ. ಬೇರೆಯಾಗಬೇಕೋ ಬೇಡವೋ ಅನ್ನುವುದಕ್ಕಿಂತ ಮೊದಲು, ಆ ಪ್ರಶ್ನೆಯನ್ನು ಮತ್ತೆ ಕೇಳಲು ಒಂದು ಬಾಗಿಲು ಇರಬೇಕು. ಅದು ಎಲ್ಲಿದೆ, ಕೀಲಿ ಯಾರ ಹತ್ತಿರ, ಎಷ್ಟು ಜನ ತಟ್ಟಿದರೆ ತೆರೆಯುತ್ತದೆ ಅಂತ ಎಲ್ಲರಿಗೂ ಗೊತ್ತಿರಬೇಕು.

ಸೋತ ಮೇಲೆ ಮುಗೀತಲ್ಲ. ಗೆಲ್ಲೋವರೆಗೂ ಮತ್ತೆ ಮತ್ತೆ ಕೇಳ್ತಾನೇ ಇರ್ತಾರಾ?

ಈ ಆಕ್ಷೇಪದಲ್ಲಿ ಹುರುಳಿದೆ. ಇದು ಪೀಳಿಗೆಗೊಮ್ಮೆ ಸಿಗುವ ಅವಕಾಶ ಅಂತ ಹೇಳಿದ್ದು ಸ್ವಾತಂತ್ರ್ಯದ ಪರ ಇದ್ದವರೇ. ಆ ಮಾತನ್ನು ಅವರು ಈಗ ನುಂಗಿಕೊಳ್ಳಲು ಆಗುವುದಿಲ್ಲ.

ಆದರೆ 2016ರ ಜೂನ್ 23 ಬಂತು. ಯುರೋಪಿಯನ್ ಯೂನಿಯನ್ ಬಿಡಬೇಕಾ ಅಂತ ಇಡೀ ಯುಕೆಗೆ ಕೇಳಿದಾಗ ಶೇ 51.9 ಜನ ಬಿಡೋಣ ಅಂದರು. ಸ್ಕಾಟ್ಲೆಂಡಿನಲ್ಲಿ ಶೇ 62 ಜನ ಉಳಿಯೋಣ ಅಂದರು, 32 ಪ್ರದೇಶಗಳಲ್ಲಿ ಒಂದೂ ಬಿಡದೆ. ಬೇರೆಯಾದರೆ ಯುರೋಪಿನಿಂದ ಹೊರಗೆ ಬೀಳುತ್ತೀರಿ, ಒಳಗಿರಬೇಕಾದರೆ ಇಲ್ಲ ಅನ್ನಿ, ಅಂತ 2014ರಲ್ಲಿ ಹೆದರಿಸಿದ್ದರು. ಅದನ್ನು ನಂಬಿ ಇಲ್ಲ ಅಂದವರು ಕೊನೆಗೆ ಹೊರಗೇ ಬಿದ್ದರು. ಮನೆ ಮಾರುವಾಗ ಬಾವಿ ಇದೆ ಅಂತ ಹೇಳಿ, ಪತ್ರ ಆದ ಮೇಲೆ ಬಾವಿ ಮುಚ್ಚಿಸಿದ ಹಾಗೆ. ಒಪ್ಪಂದ ಆಗಿದೆ ಅಂತ ಕೊಂಡವನು ಬಾಯಿ ಮುಚ್ಚಿಕೊಂಡಿರಬೇಕಾ?

## ದುಡ್ಡಿನ ಲೆಕ್ಕ

ಎಣ್ಣೆ ಇದೆಯಲ್ಲ, ಅವರಿಗೇನು ಕೊರತೆ?

ಎಣ್ಣೆಯ ಒಳ್ಳೆಯ ಕಾಲ ಕಳೆದುಹೋಯಿತು. 1974ರಲ್ಲಿ ಸರ್ಕಾರಿ ಅರ್ಥಶಾಸ್ತ್ರಜ್ಞ ಗೇವಿನ್ ಮೆಕ್ರೋನ್, ಸ್ವತಂತ್ರ ಸ್ಕಾಟ್ಲೆಂಡ್ ಎಣ್ಣೆಯಿಂದ ಬಹಳ ಶ್ರೀಮಂತವಾಗುತ್ತದೆ ಅಂತ ವರದಿ ಬರೆದರು. ಅದು ಗುಟ್ಟಾಗಿ ಉಳಿದು, ಹೊರಗೆ ಬಂದದ್ದು 2005ರಲ್ಲಿ. ಮೂವತ್ತು ವರ್ಷ! ಆ ವರದಿ ಮುಚ್ಚಿಟ್ಟದ್ದು ಅನ್ಯಾಯ ಅಂತ ಹೇಳಲು ನಾನು ಹಿಂಜರಿಯುವುದಿಲ್ಲ. ಸಮುದ್ರದ ಆಚೆ ದಡದ ನಾರ್ವೆ, ಹೆಚ್ಚುಕಡಿಮೆ ಇಷ್ಟೇ ಜನಸಂಖ್ಯೆಯ ದೇಶ, ತನ್ನ ಎಣ್ಣೆ ಹಣವನ್ನು ಒಂದು ನಿಧಿಯಲ್ಲಿ ಕೂಡಿಟ್ಟಿತು. ಬ್ರಿಟನ್ ಆಯಾ ವರ್ಷದ ಖರ್ಚಿಗೆ ಬಳಸಿಕೊಂಡಿತು.

ಆದರೆ ಕಳೆದದ್ದನ್ನು ಹಿಡಿದು ಮುಂದಿನ ಬಜೆಟ್ ಮಾಡಲಾಗದು. 2013ರ ಸ್ವಾತಂತ್ರ್ಯದ ಯೋಜನಾ ಪತ್ರ ಎಣ್ಣೆ ಬೆಲೆ ಬ್ಯಾರಲ್‌ಗೆ 110 ಡಾಲರ್ ಆಸುಪಾಸು ಇರುತ್ತದೆ ಅಂತ ಲೆಕ್ಕ ಹಾಕಿತ್ತು. 2016ರ ಜನವರಿಯಲ್ಲಿ ಅದು 30 ಡಾಲರ್‌ಗಿಂತ ಕೆಳಗೆ ಇಳಿಯಿತು.

ಸ್ಕಾಟ್ಲೆಂಡ್ ಇಂಗ್ಲೆಂಡಿನ ದುಡ್ಡಲ್ಲಿ ಬದುಕ್ತಿದೆ ಅಂತಾರೆ, ನಿಜವಾ?

ನಾವು ಕಟ್ಟಿದ ತೆರಿಗೆಯಲ್ಲಿ ನಮಗೆ ವಾಪಸ್ ಬರುವುದು ಕಡಿಮೆ ಅಂತ ಕರ್ನಾಟಕದಲ್ಲಿ ದೂರು ಇದೆಯಲ್ಲ, ಇಲ್ಲಿ ಆ ದೂರು ಹೇಳುವವರು ಇಂಗ್ಲೆಂಡಿನವರು. 1970ರ ದಶಕದ ಕೊನೆಯಿಂದ ಬಾರ್ನೆಟ್ ಸೂತ್ರ ಅಂತ ಒಂದು ಲೆಕ್ಕ ನಡೆದುಬಂದಿದೆ. ಇಂಗ್ಲೆಂಡಿನಲ್ಲಿ ಆಸ್ಪತ್ರೆ, ಶಾಲೆಗೆ ಖರ್ಚು ಹೆಚ್ಚಿಸಿದರೆ ಜನಸಂಖ್ಯೆಗೆ ತಕ್ಕ ಪಾಲು ಸ್ಕಾಟ್ಲೆಂಡಿಗೂ ಬರುತ್ತದೆ. ತಲಾ ಸರ್ಕಾರಿ ಖರ್ಚು ಇಲ್ಲಿ ಯುಕೆಯ ಸರಾಸರಿಗಿಂತ ಜಾಸ್ತಿ, ಅದು ನಿಜ. ದ್ವೀಪಗಳಿಗೆ ದೋಣಿ ಓಡಿಸಬೇಕು, ನಾಲ್ಕು ಮನೆ ಇರುವ ಕಣಿವೆಗೂ ಡಾಕ್ಟರ್ ಬೇಕು. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಲ್ಲಿನ ಸರ್ಕಾರವೇ ಪ್ರತಿ ವರ್ಷ ವರಮಾನ, ಖರ್ಚಿನ ಲೆಕ್ಕ ಪ್ರಕಟಿಸುತ್ತದೆ. ಎಣ್ಣೆ ಬೆಲೆ ಬಿದ್ದ ಮೇಲೆ ಅದರಲ್ಲಿ ದೊಡ್ಡ ಕೊರತೆ ಕಾಣುತ್ತಿದೆ. ಇದು ಒಕ್ಕೂಟದ ಒಳಗಿನ ಲೆಕ್ಕ, ಸ್ವತಂತ್ರವಾದರೆ ಬೇರೆ ತೀರ್ಮಾನ ಮಾಡುತ್ತೇವೆ ಅಂತ ಪರ ಇರುವವರು ಹೇಳುತ್ತಾರೆ. ಸರಿಯೇ. ಆದರೂ ಮೊದಲ ಹತ್ತು ವರ್ಷ ಯಾವುದನ್ನು ಕಡಿತ ಮಾಡುತ್ತೀರಿ, ಯಾವ ತೆರಿಗೆ ಏರಿಸುತ್ತೀರಿ ಅಂತ ನೇರವಾಗಿ ಹೇಳಿದವರನ್ನು ನಾನು ಇನ್ನೂ ಕಂಡಿಲ್ಲ.

ಬೇರೆಯಾದ್ರೆ ಯಾವ ನೋಟು? ಸಾಲ ಯಾರ ತಲೆಗೆ?

ಈಗಲೇ ಇಲ್ಲಿ ನೋಟು ಬೇರೆ. ಮೂರು ಸ್ಕಾಟಿಷ್ ಬ್ಯಾಂಕುಗಳು ತಮ್ಮದೇ ಪೌಂಡ್ ನೋಟು ಅಚ್ಚುಹಾಕುತ್ತವೆ, ಮೌಲ್ಯ ಒಂದೇ. ಲಂಡನ್ನಿನ ಒಂದು ಅಂಗಡಿಯಲ್ಲಿ ನಾನು ಕೊಟ್ಟ ಹತ್ತು ಪೌಂಡಿನ ಸ್ಕಾಟಿಷ್ ನೋಟನ್ನು ಹುಡುಗ ಬೆಳಕಿಗೆ ಹಿಡಿದು, ತಿರುಗಿಸಿ, ಇದು ಬೇಡ ಅಂತ ವಾಪಸ್ ಕೊಟ್ಟ.

2014ರಲ್ಲಿ ಸಾಮಂಡ್ ಪೌಂಡನ್ನೇ ಇಬ್ಬರೂ ಹಂಚಿಕೊಳ್ಳೋಣ ಅಂದರು. ಯುಕೆಯ ಹಣಕಾಸು ಮಂತ್ರಿ ಜಾರ್ಜ್ ಆಸ್ಬೋರ್ನ್ ಆಗುವುದಿಲ್ಲ ಅಂದರು. ಸೋಲಿಗೆ ಇದು ದೊಡ್ಡ ಕಾರಣ ಅಂತ ನನ್ನ ಅನಿಸಿಕೆ. ಮೊದಲು ಪೌಂಡ್ ಬಳಸಿ, ಆಮೇಲೆ ಸ್ಕಾಟಿಷ್ ಪೌಂಡ್ ತರುತ್ತೇವೆ ಅನ್ನುವುದು 2022ರ ಎಸ್‌ಎನ್‌ಪಿ ಸರ್ಕಾರದ ಯೋಜನೆ. ಈ ನಡುಗಾಲದಲ್ಲಿ ಬಡ್ಡಿ ದರ ಲಂಡನ್ನಿನಲ್ಲೇ ತೀರ್ಮಾನವಾಗುತ್ತದೆ, ಕೇಳಲು ನಿಮಗೆ ಅಲ್ಲಿ ಒಂದು ಸೀಟೂ ಇರುವುದಿಲ್ಲ.

ಸಾಲದ ವಿಷಯ ಅಣ್ಣತಮ್ಮಂದಿರ ಹಿಸ್ಸೆಯ ಹಾಗೆಯೇ. ಗದ್ದೆಯಲ್ಲಿ ಪಾಲು ಕೇಳಿದವನು ಸೊಸೈಟಿ ಸಾಲದಲ್ಲೂ ಪಾಲು ಹೊರಬೇಕು. ಸಾಲಗಾರರಿಗೆ ಪೂರ್ತಿ ಹೊಣೆ ನಾವೇ, ಆಮೇಲೆ ಸ್ಕಾಟ್ಲೆಂಡ್ ತನ್ನ ಪಾಲನ್ನು ನಮಗೆ ಕೊಡಬೇಕು ಅಂತ 2014ರ ಜನವರಿಯಲ್ಲಿ ಲಂಡನ್ ಹೇಳಿತ್ತು. ಪಾಲು ಎಷ್ಟು ಅನ್ನುವುದು ಮಾತುಕತೆಗೆ ಬಿಟ್ಟದ್ದು.

ಇಂಗ್ಲೆಂಡಿಗೆ ಹೋಗಲು ವೀಸಾ ಬೇಕಾಗುತ್ತಾ?

ಜನರ ಓಡಾಟಕ್ಕೆ ಬೇಕಾಗಲಿಕ್ಕಿಲ್ಲ. ಐರ್ಲೆಂಡ್ ಬೇರೆ ದೇಶವಾಗಿ ನೂರು ವರ್ಷವಾದರೂ ಅಲ್ಲಿನ ಪ್ರಜೆಗಳು ಇಲ್ಲಿಗೆ ಸಲೀಸಾಗಿ ಬಂದು ಹೋಗುತ್ತಾರೆ. ಕಷ್ಟ ಇರುವುದು ಲಾರಿಗಳಿಗೆ. ಸ್ಕಾಟ್ಲೆಂಡ್ ಯುರೋಪಿಯನ್ ಯೂನಿಯನ್ ಸೇರಿದರೆ ಇಂಗ್ಲೆಂಡಿನ ಗಡಿಯೇ ಯೂನಿಯನ್ನಿನ ಹೊರಗಡಿ ಆಗುತ್ತದೆ, ಸರಕು ತಪಾಸಣೆ ಬರುತ್ತದೆ. ಸ್ಕಾಟ್ಲೆಂಡ್ ಹೊರಗೆ ಮಾರುವುದರಲ್ಲಿ ಸುಮಾರು ಶೇ 60 ಹೋಗುವುದು ಯುಕೆಯ ಉಳಿದ ಭಾಗಕ್ಕೇ. ಸ್ವಾತಂತ್ರ್ಯಕ್ಕೆ ಹೊಸ ಕಾರಣ ಕೊಟ್ಟ ಬ್ರೆಕ್ಸಿಟ್ಟೇ, ಅಂದರೆ ಯುಕೆ ಯೂನಿಯನ್ ಬಿಟ್ಟದ್ದೇ, ಅದನ್ನು ಮೊದಲಿಗಿಂತ ಕಷ್ಟವೂ ಮಾಡಿಬಿಟ್ಟಿತು.

ರಾಜ ಮತ್ತೆ ಅಣುಬಾಂಬು?

ರಾಜಪದವಿಯನ್ನು ಇಟ್ಟುಕೊಳ್ಳುತ್ತೇವೆ ಅಂತಲೇ 2013ರ ಯೋಜನೆ ಹೇಳಿತ್ತು. ಅಣ್ವಸ್ತ್ರ ಬೇಡ ಅಂದಿತ್ತು. ಬ್ರಿಟನ್ನಿನ ಅಣ್ವಸ್ತ್ರ ಹೊತ್ತ ಜಲಾಂತರ್ಗಾಮಿಗಳು ಎಲ್ಲವೂ ನಿಲ್ಲುವುದು ಫಾಸ್ಲೇನ್‌ನಲ್ಲಿ, ಗ್ಲಾಸ್ಗೋದಿಂದ ಸುಮಾರು 40 ಕಿಲೋಮೀಟರ್. ಅವನ್ನು ಎಲ್ಲಿಗೆ ಸಾಗಿಸುವುದು ಅನ್ನುವುದು ಲಂಡನ್ನಿಗೆ ನಿಜವಾದ ತಲೆನೋವು.

## ತೊಡಕಿನ ಪ್ರಶ್ನೆಗಳು

ಲಂಡನ್ನನ್ನ ಯಾಕೆ ಕೇಳ್ಬೇಕು? ತಾವೇ ಮತ ನಡೆಸಿಕೊಳ್ಳಬಹುದಲ್ಲ?

ಪ್ರಯತ್ನಪಟ್ಟರು. ನಮ್ಮ ಪಾರ್ಲಿಮೆಂಟಿಗೆ ಅಧಿಕಾರ ಇದೆಯಾ ಅಂತ ಸುಪ್ರೀಂ ಕೋರ್ಟನ್ನೇ ಕೇಳಿದರು. 2022ರ ನವೆಂಬರ್ 23ರಂದು ಐವರೂ ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಇಲ್ಲ ಅಂದರು. ಬರೀ ಅಭಿಪ್ರಾಯ ಕೇಳುವ ಮತವಾದರೂ ಅದರ ರಾಜಕೀಯ ಪರಿಣಾಮ ದೊಡ್ಡದು, ಒಕ್ಕೂಟದ ವಿಷಯ ಲಂಡನ್ನಿನ ಪಟ್ಟಿಯಲ್ಲಿದೆ, ಹಾಗಾಗಿ ಲಂಡನ್ ಒಪ್ಪಬೇಕು. ತೀರ್ಪು ಕಾನೂನಿನ ಪ್ರಕಾರ ಸರಿ ಅಂತಲೇ ನನಗೂ ಅನ್ನಿಸುತ್ತದೆ.

ಒಪ್ಪಿಗೆ ಇಲ್ಲದೆ ನಡೆಸಿದರೆ ಏನಾಗುತ್ತದೆ ಅನ್ನುವುದನ್ನು ಸ್ಪೇನಿನ ಕ್ಯಾಟಲೋನಿಯಾ ಪ್ರಾಂತ ತೋರಿಸಿತು. 2017ರ ಅಕ್ಟೋಬರ್ 1ರಂದು ಕೋರ್ಟಿನ ತಡೆ ಇದ್ದರೂ ಮತ ನಡೆಸಿದರು. ಪೊಲೀಸರು ಮತಗಟ್ಟೆಗಳಿಗೆ ನುಗ್ಗಿದರು. ನಾಯಕರು ಜೈಲಿಗೆ ಹೋದರು, ಕೆಲವರು ದೇಶ ಬಿಟ್ಟರು. ಬೇಡ ಅನ್ನುವವರಲ್ಲಿ ಹೆಚ್ಚಿನವರು ವೋಟು ಹಾಕಲಿಲ್ಲ. ಯಾವ ದೊಡ್ಡ ದೇಶವೂ ಮಾನ್ಯ ಮಾಡಲಿಲ್ಲ.

ಸ್ವಯಂ ನಿರ್ಣಯದ ಹಕ್ಕು ಅಂತ ಅಂತರರಾಷ್ಟ್ರೀಯ ಕಾನೂನಿನಲ್ಲಿ ಇಲ್ವಾ?

ಇದೆ, ಆದರೆ ಅದು ಮುಖ್ಯವಾಗಿ ವಸಾಹತುಗಳಿಗೆ, ಪರಕೀಯ ಆಡಳಿತದ ಕೆಳಗೆ ಇರುವವರಿಗೆ. ಕೆನಡಾದ ಸುಪ್ರೀಂ ಕೋರ್ಟ್ 1998ರಲ್ಲಿ, ಬೇರೆಯಾಗುವ ಬೇಡಿಕೆ ಇದ್ದ ಕ್ವಿಬೆಕ್ ಪ್ರಾಂತದ ಬಗ್ಗೆ ಇದನ್ನು ಬಿಡಿಸಿ ಹೇಳಿತು. ತಾನಾಗಿ ಎದ್ದು ಹೋಗುವ ಹಕ್ಕು ಕ್ವಿಬೆಕ್‌ಗೆ ಇಲ್ಲ. ಆದರೆ ಸ್ಪಷ್ಟವಾದ ಪ್ರಶ್ನೆಗೆ ಸ್ಪಷ್ಟವಾದ ಬಹುಮತ ಬಂದರೆ, ಮಾತುಕತೆಗೆ ಕೂರುವ ಹೊಣೆ ಉಳಿದ ಕೆನಡಾದ ಮೇಲಿದೆ. ಎರಡನೇ ಮಾತು ನನಗೆ ಬಹಳ ಇಷ್ಟ. ಬ್ರಿಟನ್ನಿನ ಕೋರ್ಟ್ ಈ ತೀರ್ಪನ್ನು ಉಲ್ಲೇಖಿಸಿತು, ಆದರೆ ಅಂಥ ಹೊಣೆಯನ್ನು ಲಂಡನ್ನಿನ ಮೇಲೆ ಹಾಕಲಿಲ್ಲ.

ಇಷ್ಟು ದೊಡ್ಡ ವಿಷಯಕ್ಕೆ ಅರ್ಧಕ್ಕಿಂತ ಒಂದು ವೋಟು ಜಾಸ್ತಿ ಬಂದ್ರೆ ಸಾಕಾ?

2014ರಲ್ಲಿ ಅಷ್ಟೇ ಸಾಕಿತ್ತು. 1995ರಲ್ಲಿ ಕ್ವಿಬೆಕ್‌ನಲ್ಲಿ ಬೇಡ ಅಂದವರು ಶೇ 50.58, ಅಷ್ಟು ಹತ್ತಿರ ಬಂದಿತ್ತು. 2006ರಲ್ಲಿ ಸೆರ್ಬಿಯಾದಿಂದ ಬೇರೆಯಾಗಲು ಹೊರಟ ಮಾಂಟೆನೆಗ್ರೋಗೆ ಯುರೋಪಿಯನ್ ಯೂನಿಯನ್ ಶೇ 55ರ ಮಿತಿ ಹಾಕಿತು, ಅವರಿಗೆ ಶೇ 55.5 ಬಂತು.

ಮಿತಿ ಹಾಕಬೇಕು ಅನ್ನುವವರ ಮಾತಿನಲ್ಲಿ ಅರ್ಥವಿದೆ, ಆದರೆ ಸ್ಕಾಟ್ಲೆಂಡಿನಲ್ಲಿ ಅದಕ್ಕೆ ಕಹಿ ನೆನಪಿದೆ. 1979ರಲ್ಲಿ ಪ್ರತ್ಯೇಕ ಅಸೆಂಬ್ಲಿ ಬೇಕಾ ಅಂತ ಕೇಳಿದಾಗ ಶೇ 51.6 ಜನ ಹೌದು ಅಂದರು. ಆದರೆ ಪಟ್ಟಿಯಲ್ಲಿರುವ ಒಟ್ಟು ಮತದಾರರಲ್ಲಿ ಶೇ 40 ಹೌದು ಅನ್ನಬೇಕು ಅಂತ ನಿಯಮ ಸೇರಿಸಿದ್ದರು. ಬಂದದ್ದು ಶೇ 32.9. ಗೆದ್ದವರು ಸೋತರು, ಅಸೆಂಬ್ಲಿಗಾಗಿ ಇನ್ನೂ ಇಪ್ಪತ್ತು ವರ್ಷ ಕಾದರು. ಮಿತಿ ಏನೇ ಇರಲಿ, ಮೊದಲೇ ಇಬ್ಬರೂ ಕೂತು ಒಪ್ಪಿಕೊಂಡಿರಬೇಕು.

ಉತ್ತರ ಐರ್ಲೆಂಡಿಗೆ ಹೋಗೋ ದಾರಿ ಇದೆಯಂತೆ, ಸ್ಕಾಟ್ಲೆಂಡಿಗೆ ಯಾಕಿಲ್ಲ?

ನನ್ನನ್ನು ಜಾಸ್ತಿ ಕಾಡುವುದು ಇದೇ. 1998ರ ಗುಡ್ ಫ್ರೈಡೇ ಒಪ್ಪಂದದ ಪ್ರಕಾರ, ಐರ್ಲೆಂಡಿನ ಜೊತೆ ಸೇರಲು ಹೆಚ್ಚಿನ ಜನ ಒಪ್ಪಬಹುದು ಅಂತ ಕಂಡುಬಂದರೆ ಲಂಡನ್ನಿನ ಮಂತ್ರಿ ಮತ ನಡೆಸಲೇಬೇಕು. ಒಂದು ಮತ ಆದ ಮೇಲೆ ಕನಿಷ್ಠ ಏಳು ವರ್ಷ ಬಿಡಬೇಕು. ಅಳತೆ ಕೊಂಚ ಮಸುಕಾಗಿದೆ ನಿಜ, ಆದರೂ ಬಾಗಿಲು ಎಲ್ಲಿದೆ ಅಂತ ಬರೆದಿಟ್ಟಿದ್ದಾರೆ. ಅಲ್ಲಿ ಮೂವತ್ತು ವರ್ಷ ಬಾಂಬು, ಗುಂಡು ನಡೆದು 3,500ರಷ್ಟು ಜನ ಸತ್ತ ಮೇಲೆ ಅದು ಬರೆದದ್ದು. ಸ್ಕಾಟ್ಲೆಂಡಿನವರು ಬರೀ ವೋಟು ಹಾಕಿದರು, ಅವರಿಗೆ ಏನೂ ಬರೆದುಕೊಟ್ಟಿಲ್ಲ. ಶಾಂತಿಯಿಂದ ನಡೆದುಕೊಂಡವರಿಗೆ ಸ್ಪಷ್ಟ ದಾರಿ ಇಲ್ಲ ಅನ್ನುವುದು ತಪ್ಪು ಪಾಠ. ಏಳರ ಬದಲು ಹದಿನೈದು ವರ್ಷ ಅಂತ ಬರೆಯಲಿ, ಇಪ್ಪತ್ತು ಅಂತ ಬರೆಯಲಿ, ಆದರೆ ಬರೆಯಲಿ.

2024ರಲ್ಲಿ ಎಸ್‌ಎನ್‌ಪಿ ನೆಲ ಕಚ್ಚಿತಲ್ಲ, ಜನಕ್ಕೇ ಬೇಡವಾಯ್ತು ಅಂತ ಅಲ್ವಾ?

ಪಕ್ಷ ನೆಲ ಕಚ್ಚಿತು. 2019ರಲ್ಲಿ ಲಂಡನ್ ಪಾರ್ಲಿಮೆಂಟಿಗೆ 48 ಸೀಟು ಗೆದ್ದಿದ್ದ ಪಕ್ಷ 2024ರಲ್ಲಿ 57ರಲ್ಲಿ 9ಕ್ಕೆ ಇಳಿಯಿತು. ಆಸ್ಪತ್ರೆಯ ಸರತಿ ಸಾಲು, ದೋಣಿಗಳ ಗೋಳು, ಪಕ್ಷದ ಒಳಜಗಳ ಎಲ್ಲ ಸೇರಿ ಜನ ಬೇಸತ್ತಿದ್ದರು. ಬೇರೆಯಾಗುವ ಬಯಕೆ ಮಾತ್ರ ಸಮೀಕ್ಷೆಗಳಲ್ಲಿ ಅಷ್ಟು ಬೀಳಲಿಲ್ಲ, ಅರ್ಧಕ್ಕೆ ಅರ್ಧದ ಸುತ್ತಲೇ ಇದೆ. ಎಳೆಯರಲ್ಲಿ ಹೆಚ್ಚು, ವಯಸ್ಸಾದವರಲ್ಲಿ ಕಡಿಮೆ. ಪಕ್ಷ ಬೇರೆ, ಪ್ರಶ್ನೆ ಬೇರೆ ಅಂತ ಜನರೇ ಬಿಡಿಸಿ ನೋಡುತ್ತಿದ್ದಾರೆ.

ಹಾಗಾದ್ರೆ ನಮ್ಮಲ್ಲೂ ಒಂದು ರಾಜ್ಯ ಹೀಗೆ ಕೇಳಬಹುದಾ?

ನಮ್ಮ ಸಂವಿಧಾನದಲ್ಲಿ ಅದಕ್ಕೆ ಜಾಗ ಇಲ್ಲ. ಭಾರತ ರಾಜ್ಯಗಳ ಒಕ್ಕೂಟ ಅನ್ನುವುದು ಮೊದಲ ವಿಧಿ. ಈ ಒಕ್ಕೂಟ ರಾಜ್ಯಗಳು ತಮ್ಮಲ್ಲಿ ಮಾಡಿಕೊಂಡ ಒಪ್ಪಂದದ ಫಲವಲ್ಲ, ಹಾಗಾಗಿ ಯಾವ ರಾಜ್ಯಕ್ಕೂ ಬಿಟ್ಟುಹೋಗುವ ಹಕ್ಕಿಲ್ಲ ಅಂತ ಅಂಬೇಡ್ಕರ್ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಸ್ಪಷ್ಟವಾಗಿ ಹೇಳಿದ್ದರು. 1963ರ 16ನೇ ತಿದ್ದುಪಡಿ ಬಂದ ಮೇಲೆ ಚುನಾವಣೆಗೆ ನಿಲ್ಲುವವರು ದೇಶದ ಅಖಂಡತೆ ಕಾಪಾಡುತ್ತೇವೆ ಅಂತ ಪ್ರಮಾಣ ಮಾಡಲೇಬೇಕು. ದ್ರಾವಿಡ ನಾಡು ಕೇಳುತ್ತಿದ್ದ ಡಿಎಂಕೆ ಆ ಬೇಡಿಕೆ ಬಿಟ್ಟದ್ದು ಅದೇ ವರ್ಷ.

ಸ್ಕಾಟ್ಲೆಂಡಿನ ಕಥೆ ಇದಕ್ಕೆ ಪೂರ್ತಿ ಬೇರೆ. ಅಲ್ಲಿ ಎರಡು ದೇಶಗಳ ಪಾರ್ಲಿಮೆಂಟುಗಳು ಕೂಡಿ ಮಾಡಿಕೊಂಡ ಲಿಖಿತ ಒಪ್ಪಂದ ಇದೆ, ಒಂದೇ ಕಡೆ ಬರೆದಿಟ್ಟ ಸಂವಿಧಾನ ಇಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಊರಲ್ಲಿ ಜಗಳ ಮಾಡಿಕೊಳ್ಳುವವರಿಗೆ ನಾನು ಹೇಳುವುದು ಇಷ್ಟು, ಭಾಷೆ, ತೆರಿಗೆ, ಕ್ಷೇತ್ರ ಮರುವಿಂಗಡಣೆಯ ವಿಷಯದಲ್ಲಿ ನಮ್ಮ ದನಿ ಕೇಳಿಸಬೇಕು ಅನ್ನುವುದು ಬೇರೆ, ಮನೆ ಬಿಡುತ್ತೇವೆ ಅನ್ನುವುದು ಬೇರೆ. ಬಿಸ್ಕತ್ತಿನ ಡಬ್ಬಿಯ ಅಜ್ಜಿ ಮೊದಲು ಕೇಳಿದ್ದೂ ದನಿಯನ್ನೇ.

ಇನ್ನೊಂದು ಸಲ ಮತ ನಡೆದ್ರೆ ನಮ್ಮಂಥ ವಿದ್ಯಾರ್ಥಿಗಳಿಗೂ ವೋಟ್ ಇರುತ್ತಾ?

ಈಗಿರುವ ಕಾನೂನು ಹಾಗೇ ಉಳಿದರೆ ಇರುತ್ತದೆ. 2020ರಲ್ಲಿ ಎಡಿನ್‌ಬರಾ ಪಾರ್ಲಿಮೆಂಟ್ ಇಲ್ಲಿ ಕಾನೂನುಬದ್ಧವಾಗಿ ವಾಸವಿರುವ ಎಲ್ಲ ದೇಶಗಳ ಜನರಿಗೂ, 16 ತುಂಬಿದ್ದರೆ, ಸ್ಕಾಟ್ಲೆಂಡಿನ ಚುನಾವಣೆಗಳಲ್ಲಿ ವೋಟು ಕೊಟ್ಟಿದೆ. ಭಾರತೀಯರಿಗೆ ಅದು ಮೊದಲಿನಿಂದಲೂ ಇದೆ. ಬಂದ ವಾರವೇ ನಿಮ್ಮ ವಿಳಾಸದಲ್ಲಿ ಹೆಸರು ನೋಂದಾಯಿಸಿ, ಆನ್‌ಲೈನ್‌ನಲ್ಲಿ ಐದು ನಿಮಿಷದ ಕೆಲಸ. ಮನೆ ಬದಲಿಸಿದರೆ ಮತ್ತೆ ಮಾಡಿಸಿ.